ಚಹಾ ಕಲಿಸುವ ಮಾಸ್ತರರು

ಅವರ ಬಲಗೈಯ ಹೆಬ್ಬೆರಳು ಬೆಂದು ಬೆಂದು ಬಿಳಿಚಿಕೊಂಡಿತ್ತು. ಕಿಟಲಿಯ ನೀರು ಕುದಿಯಿತೋ ಇಲ್ಲವೋ ಎಂಬುದನ್ನು ಮುಚ್ಚಳಕ್ಕೆ ಆ ಬೆರಳನ್ನು ಒತ್ತಿಯೇ ತಿಳಿಯುತ್ತಿದ್ದರು. ಕಣ್ಣಿಗೆ ಕಾಣುವ ಹಬೆಯ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ.

ಯುದ್ಧದ ಕಾಲ. ಚಹಾ ಕಂಪನಿಯೊಂದು ಹಳ್ಳಿಯ ಜನರಿಗೆ ಚಹಾ ಕುಡಿಯುವುದನ್ನು ಕಲಿಸಲು ಮಂದಿಯನ್ನು ಇಟ್ಟಿತ್ತು. ಊರೂರಿಗೆ ಹೋಗಿ, ಒಲೆ ಹೂಡಿ, ಪುಕ್ಕಟೆ ಕುಡಿಸಿ ಬರುವುದು ಕೆಲಸ. ಈಗಿನವರಿಗೆ ಹೇಳಿದರೆ ನಗುತ್ತಾರೆ. ನಮ್ಮ ಮಾಸ್ತರರು ಮೊದಲು ಕನ್ನಡ ಸಾಲೆಯಲ್ಲಿ ಮಾಸ್ತರಿಕೆ ಮಾಡಿದವರು. ಹಾಗಾಗಿ ಚಹಾದ ಕೆಲಸಕ್ಕೆ ಬಂದ ಮೇಲೂ ಮಾಸ್ತರರಾಗಿಯೇ ಉಳಿದರು. ನಾನು ಅವರ ಕೈಕೆಳಗೆ ಹೊಸದಾಗಿ ಸೇರಿದ್ದೆ. ಆರು ತಿಂಗಳು ಪರೀಕ್ಷೆಯ ಮೇಲೆ ಇಟ್ಟಿದ್ದರು. ಮನೆಯಲ್ಲಿ ತಾಯಿ, ಲಗ್ನ ಗೊತ್ತಾದ ತಂಗಿ. ಆ ನೌಕರಿ ಹೋದರೆ ನನಗೆ ಬೇರೆ ದಿಕ್ಕಿರಲಿಲ್ಲ.

ವಿಜಯಪುರಕ್ಕೆ ಆಗ ನಾವು ವಿಜಾಪುರ ಎನ್ನುತ್ತಿದ್ದೆವು. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಒಂದು ಖಾನಾವಳಿ, ಅದರ ಅಟ್ಟದ ಮೇಲೆ ನಮ್ಮ ಬಿಡಾರ. ಮಾಸ್ತರರ ಮನೆಯೂ ಅದೇ ಓಣಿಯ ತುದಿಯಲ್ಲಿತ್ತು. ಆದರೂ ತಿರುಗಾಟದ ದಿನಗಳಲ್ಲಿ ನನ್ನೊಂದಿಗೆ ಅಟ್ಟದ ಮೇಲೆಯೇ ಮಲಗುತ್ತಿದ್ದರು. ಮನೆಗೆ ಹೋದರೆ ಬೆಳಿಗ್ಗೆ ಏಳುವುದು ತಡವಾಗುತ್ತದೆ ಎನ್ನುವರು. ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹಿಂಡಿ ಇದ್ದರೆ ಆರು ರೊಟ್ಟಿ ತಿನ್ನುವರು. ತಿಂದ ಮೇಲೆ ಅವರಿಗೆ ಚಹಾ ಬೇಡ! ಒಂದು ಲೋಟ ಮಜ್ಜಿಗೆ. "ಚಹಾ ಕುಡಸೂದು ನಮ್ಮ ಧರ್ಮ, ತಮ್ಮಾ. ಕುಡಿಯೂದು ಮಂದಿ ಧರ್ಮ" ಎಂದು ಮೀಸೆ ಒರೆಸಿಕೊಳ್ಳುವರು.

ತಿರುಗಾಟ ಶುರುವಾಗುವ ಮೊದಲು ನನ್ನನ್ನು ಗೋಲಗುಮ್ಮಟಕ್ಕೆ ಕರೆದೊಯ್ದರು. ಅದನ್ನು ನೋಡದೆ ಈ ಜಿಲ್ಲೆಯಲ್ಲಿ ಕೆಲಸ ಮಾಡಬಾರದಂತೆ. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ, ನನ್ನನ್ನು ಒಂದು ಕಡೆ ಕೂರಿಸಿ, ತಾವು ಎದುರುಗಡೆಗೆ ಹೋಗಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರು: "ನೀರು ಕುದ್ದ ಮ್ಯಾಲ ಪುಡಿ ಹಾಕ್ರಿ." ಬಾದಶಹನ ಗೋರಿಯ ಮೇಲೆ ಆ ಮಾತು ಏಳು ಸಲ ಸುತ್ತಿತು. ಅಲ್ಲಿದ್ದ ಪಹರೆಯವನು ಸಿಟ್ಟಾದ. ಮಾಸ್ತರರು ಅವನಿಗೂ ಒಂದು ಪೊಟ್ಟಣ ಪುಡಿ ಕೊಟ್ಟು ಇಳಿದರು.

ಕಂಪನಿಗೆ ಮೋಟಾರು ಇತ್ತು, ಪೆಟ್ರೋಲು ಇರಲಿಲ್ಲ. ಬಾಡಿಗೆಯ ಚಕ್ಕಡಿಯಲ್ಲಿ ಹೊರಟೆವು. ತಿಕೋಟಾದಲ್ಲಿ ಸಂತೆಯ ದಿನ ಒಲೆ ಹೂಡಿದೆವು. ಸಕ್ಕರೆ ಸಿಗುತ್ತಿರಲಿಲ್ಲ, ಬೆಲ್ಲದ ಚಹಾ. ಬೆಲ್ಲ ಇದ್ದಾಗ ಹಾಲನ್ನು ಒಲೆಯ ಮೇಲೆ ಹಾಕಿದರೆ ಒಡೆಯುತ್ತದೆ, ಕೆಳಗಿಳಿಸಿ ಹಾಕಬೇಕು. ಇದನ್ನು ನಾನು ಎರಡು ಸಲ ಕೆಡಿಸಿದೆ. "ಯಪ್ಪಾ, ನೀ ಮಾಡಿದ್ದು ಚಹಾ ಅಲ್ಲ, ಗಿಣ್ಣ" ಎಂದರೇ ಹೊರತು ಸಿಡುಕಲಿಲ್ಲ. ಬಿಜ್ಜರಗಿಯಲ್ಲಿ ಕುರುಬನೊಬ್ಬ ಆಡಿನ ಹಾಲು ತಂದುಕೊಟ್ಟ. ಅದರಲ್ಲೇ ಮಾಡಿದರು. ನನಗೆ ವಾಕರಿಕೆ ಬಂತು, ಕುರುಬನಿಗೆ ಮಾತ್ರ ಬಹಳ ಸೇರಿತು.

ಅಲ್ಲಿಯೇ ನಾನು ಕಪ್ಪಿನ ಸಂಗತಿ ನೋಡಿದ್ದು. ಕಂಪನಿಯ ಪೆಟ್ಟಿಗೆಯಲ್ಲಿ ಎರಡು ಜತೆ ಇರುತ್ತಿದ್ದವು. ಚಾವಡಿಯವರಿಗೆ ಹನ್ನೆರಡು ಬಿಳಿ ಚೀನಿ ಕಪ್ಪು. ಊರಾಚೆಯ ಕೇರಿಯವರಿಗೆ ತಗಡಿನ ಮಗ್ಗು. ಮೊದಲು ಚಾವಡಿ, ಕೊನೆಗೆ ಕೇರಿ ಎಂದು ಕಂಪನಿಯ ಚೀಟಿಯಲ್ಲಿ ಬರೆದೇ ಇತ್ತು. ನಾನು ತೆಗೆದು ನೋಡಿದರೆ ಮಗ್ಗುಗಳ ತುಂಬ ಬೆಲ್ಲ!

"ಇವು ಕೇರಿಯವರಿಗೆ ಅಲ್ಲೇನ್ರಿ, ಮಾಸ್ತರ್ರ?"

"ಬೆಲ್ಲಕ್ಕ ಇರುವಿ ಹತ್ತತಾವು. ಅದಕ್ಕ ಅವು ಬೇಕು."

ಅವರು ಮಾಡುತ್ತಿದ್ದದ್ದು ಚೀಟಿಗೆ ಪೂರಾ ತಿರುಗುಮುರುಗು. ಹೊತ್ತು ಹುಟ್ಟುವಾಗಲೇ ಕೇರಿಗೆ ಹೋಗುವರು, ಏಕೆಂದರೆ ಅಲ್ಲಿಯವರು ಬೇಗ ಕೂಲಿಗೆ ಹೊರಡುತ್ತಾರೆ. ಬಿಳಿ ಕಪ್ಪಿನಲ್ಲೇ ಕೊಡುವರು. ಆಮೇಲೆ ಕುದಿಯುವ ನೀರಿನಲ್ಲಿ ಎರಡು ಸಲ ಅದ್ದಿ, ಅದೇ ಕಪ್ಪುಗಳನ್ನು ಚಾವಡಿಗೆ ತರುವರು. "ಕುದಿಯೋ ನೀರಾಗ ಅದ್ದಿದ ಕಪ್ಪಿಗೆ ಯಾರು ಕುಡದ್ರು ಅಂತ ನೆನಪಿರಂಗಿಲ್ಲ" ಎಂದರು. ದೊಡ್ಡ ಮಾತು ಆಡಿದ ಭಾವ ಅವರ ಮುಖದಲ್ಲಿ ಇರಲಿಲ್ಲ. ನಾನು ಒರೆಸಿ ಒರೆಸಿ ಕೊಡುತ್ತಿದ್ದೆ.

ಸಾರವಾಡ ಮುಗಿಸಿ ಬಬಲೇಶ್ವರದಲ್ಲಿ ಉಳಿದು, ಮಾರನೆಯ ದಿನ ಅಲ್ಲಿಂದ ಆಚೆಗೆ ಒಂದು ಹಳ್ಳಿಗೆ ಹೋದೆವು. ಅದರ ಹೆಸರು ಹೇಳುವುದಿಲ್ಲ. ಆಗ ಎಲ್ಲ ಊರೂ ಅದೇ ಊರು. ಕೇರಿಯ ಕೆಲಸ ಮುಗಿಸಿ ಚಾವಡಿಗೆ ಬಂದಾಗ ಹಿರಿಯರು ಹತ್ತೆಂಟು ಮಂದಿ ಕೂತಿದ್ದರು. ಚಹಾ ಎಲ್ಲರ ಕೈ ಸೇರಿತು. ಒಬ್ಬ ಹಿರಿಯರು ಕಪ್ಪನ್ನು ಬೆಳಕಿಗೆ ಹಿಡಿದು, "ಭಾಳ ಚಂದ ಅದಾವ್ರಿ. ಕೇರಿಯವರಿಗೆ ಯಾವು ಕೊಟ್ರಿ?" ಎಂದು ಸುಮ್ಮನೆ ಕೇಳಿದರು.

ಮಾಸ್ತರರು ಕಿಟಲಿ ಬಗ್ಗಿಸಿದ್ದರು. ಅವರು ಬಾಯಿ ತೆರೆಯುವುದರೊಳಗೆ ನಾನು, ಆ ದಿನ ಕಪ್ಪುಗಳನ್ನು ಥಳಥಳ ತೊಳೆದ ಹೆಮ್ಮೆಯಲ್ಲಿ, "ಇವೇ ರೀ! ನಮ್ಮಲ್ಲಿ ಒಂದ ಜತಿ, ಎಲ್ಲಾರಿಗೂ ಇವೇ" ಎಂದುಬಿಟ್ಟೆ. ನನ್ನಂಥ ಮಡ್ಡ ಮತ್ತೊಬ್ಬ ಇರಲಿಕ್ಕಿಲ್ಲ.

ಒಬ್ಬರು ಬಾಯಿಯಲ್ಲಿದ್ದುದನ್ನು ಉಗುಳಿದರು. ಇನ್ನೊಬ್ಬರು ಕಪ್ಪನ್ನು ಕಟ್ಟೆಗೆ ಕುಕ್ಕಿದರು, ಹಿಡಿಕೆ ಮುರಿಯಿತು. "ಮುಟ್ಟಚಟ್ಟ ಮಾಡಿ ಜಾತಿ ಕೆಡಿಸಿದ್ರಲ್ಲೋ! ಎದ್ದ ನಡೀರಿ ಮೊದಲ!" ಎಂದು ಕೂಗಾಟ ಎದ್ದಿತು. ಮಾಸ್ತರರು ಕಪ್ಪುಗಳನ್ನು ಒಂದೊಂದಾಗಿ ಆಯ್ದುಕೊಂಡು ಪೆಟ್ಟಿಗೆಗೆ ಹಾಕಿ, "ಬರ್ತೇವ್ರಿ" ಎಂದು ಕೈಮುಗಿದು ಚಕ್ಕಡಿ ಏರಿದರು.

ದಾರಿಯಲ್ಲಿ ನಾನು, "ತಪ್ಪಾತ್ರಿ ಮಾಸ್ತರ್ರ. ನಿಮ್ಮ ನೌಕರಿಗೆ ಕುತ್ತು ತಂದೆ" ಎಂದೆ.

"ತಪ್ಪೇನು ಅದರಾಗ? ಅವರು ಕೇಳಿದ್ರು, ನೀ ಇದ್ದದ್ದು ಹೇಳಿದಿ. ನಾ ಆಗಿದ್ರ ಒಂದ ಸುಳ್ಳ ಹೇಳತಿದ್ದೆ, ನೋಡು" ಎಂದರು. ಆಮೇಲೆ ಬಬಲೇಶ್ವರ ಬರುವವರೆಗೆ ಗಾಡಿಯವನೊಂದಿಗೆ ಎತ್ತುಗಳ ಮಾತಾಡಿದರು.

ಊರಿನವರು ದೂರು ಬರೆದರು. ಹದಿನೈದು ದಿನಕ್ಕೆ ಮೇಲಿನ ಸಾಹೇಬರೊಬ್ಬರು ಬಂದು ಅದೇ ಖಾನಾವಳಿಯ ಅಟ್ಟದ ಮೇಲೆ ಚೌಕಶಿ ನಡೆಸಿದರು. ಮೊದಲು ನನ್ನನ್ನು ಕರೆದರು.

"ಮಗ್ಗು ಬಳಸುವುದಿಲ್ಲವೆಂದು ನಿಮಗೆ ಮೊದಲೇ ಗೊತ್ತಿತ್ತೇ? ಗೊತ್ತಿದ್ದೂ ಸುಮ್ಮನಿದ್ದರೆ ಇಬ್ಬರೂ ಮನೆಗೆ ಹೋಗುತ್ತೀರಿ."

ಚಾವಡಿಯಲ್ಲಿ ಯಾರೂ ಒತ್ತಾಯಿಸದೆ ನಿಜ ಹೇಳಿದ ಬಾಯಿ ಇಲ್ಲಿ ಸುಳ್ಳಿಗೆ ತಿರುಗಿತು. "ಗೊತ್ತಿರಲಿಲ್ಲ" ಎಂದೆ. ಅಷ್ಟೇ ಅಂದಿದ್ದರೂ ಆಗುತ್ತಿತ್ತು. "ನನ್ನಿಂದ ಮುಚ್ಚಿಟ್ಟಿದ್ದರು" ಎಂದೂ ಸೇರಿಸಿದೆ. ಸಾಹೇಬರು ಬರೆದುಕೊಂಡರು, ನಾನು ಸಹಿ ಮಾಡಿದೆ. ಆಮೇಲೆ ಮಾಸ್ತರರನ್ನು ಒಳಗೆ ಕರೆದು, ನಾನು ಅಲ್ಲಿ ನಿಂತಿರುವಂತೆಯೇ ಆ ಕಾಗದವನ್ನು ಓದಿ ಹೇಳಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾಸ್ತರರು ನನ್ನ ಕಡೆ ನೋಡಲಿಲ್ಲ.

"ಹೌದ್ರಿ ಸಾಹೇಬ್ರ, ಖರೇ ಅದ. ಅವಗ ಏನೂ ಗೊತ್ತಿದ್ದಿಲ್ಲ" ಎಂದರು.

ಅವರ ನೌಕರಿ ಹೋಯಿತು. ನನ್ನದು ಕಾಯಂ ಆಯಿತು, ತಂಗಿಯ ಲಗ್ನವೂ ಆಯಿತು. ನನ್ನನ್ನು ಬೆಳಗಾವಿ ಕಡೆಗೆ ಹಾಕಿದರು. ನಾನು ಎಲ್ಲ ಊರುಗಳಲ್ಲಿ ಚೀಟಿಯಲ್ಲಿ ಬರೆದ ಹಾಗೆಯೇ ನಡೆದುಕೊಂಡೆ. ಮಾಸ್ತರರಿಗೆ ಕಾಗದ ಬರೆಯಬೇಕೆಂದು ಎಷ್ಟೋ ಸಲ ಕೂತೆ, ಎರಡು ಸಾಲು ಬರೆದು ಹರಿದೆ. ನಾಚಿಕೆ, ಮತ್ತೇನಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ ಕೆಲಸದ ಮೇಲೆ ವಿಜಾಪುರಕ್ಕೆ ಬಂದಾಗ, ಖಾನಾವಳಿಯವರು ಮಾಸ್ತರರು ತೀರಿಕೊಂಡು ತಿಂಗಳಾಯಿತೆಂದು ಹೇಳಿದರು. ಓಣಿಯ ತುದಿಯ ಮನೆಗೆ ಹೋದೆ. ಅವರ ಮಡದಿ ನನ್ನನ್ನು ಎಂದೂ ಕಂಡವರಲ್ಲ. ಕಂಪನಿಯವನು ಎಂದೆ. ಚಾಪೆ ಹಾಸಿ ಕೂರಿಸಿದರು.

"ನಮ್ಮನಿಯವರು ಕಂಪನೀ ಮಂದೀನ್ನ ಭಾಳ ನೆನಸತಿದ್ರು. ಅವರ ಕೈಕೆಳಗ ಒಬ್ಬಾಂವ ಇದ್ನಂತ. ಊರ ಹಿರ್ಯಾರೆಲ್ಲ ಕೂತ ಚಾವಡ್ಯಾಗ ಅಂಜಲಾರದ ಖರೇ ಹೇಳಿದ್ನಂತ. 'ನನಗ ಆಗಲಾರದ್ದು ಅವ ಮಾಡಿದ' ಅಂತ ಸಾಯೋ ಮುಂದನೂ ಹೇಳ್ಯಾರ." ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ಮುಖ ನೋಡಿದರು. "ಅವರು ನೀವ ಏನ್ರಿ?"

ನಾನು ಸಹಿ ಮಾಡಿದ ಆ ಕಾಗದದ ಸಂಗತಿ ಮಾಸ್ತರರು ಮನೆಯಲ್ಲಿ ಹೇಳಿಯೇ ಇರಲಿಲ್ಲ.

"ಅಲ್ರಿ ಅವ್ವಾರ" ಎಂದೆ. "ಅಂವ ಬ್ಯಾರೆ."