ಗೆಲಾಕ್ಸಿಯನ್ನು ತೂಗುವ ಬಗೆ

ನಾನು ಯಾರ ಮಾತಿಗೂ ಬಾಗುವ ಮನುಷ್ಯನಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಬೇರೆ ಯಾರೂ ಇದುವರೆಗೆ ಹೇಳಿಲ್ಲ. ಅರವತ್ತರ ದಶಕದಲ್ಲಿ ಕೇಂದ್ರ ಸರಕಾರದ ಒಂದು ಕಚೇರಿಯ ಗುಮಾಸ್ತನಾಗಿ ಮೈಸೂರಿನಿಂದ ಎರ್ನಾಕುಲಕ್ಕೆ, ಅಲ್ಲಿಂದ ತಿರುವನಂತಪುರಕ್ಕೆ ಬಂದೆ. ಬಂದ ದಿನದಿಂದ ನನ್ನದು ಒಂದೇ ಪಲ್ಲವಿ: ಮೈಸೂರಿಗೆ ವರ್ಗವಾದರೆ ಸಾಕಪ್ಪಾ, ಈ ಬೆವರಿಗೂ ಈ ಕುಸುಬಲಕ್ಕಿಗೂ ದೊಡ್ಡ ನಮಸ್ಕಾರ.

ವರ್ಗ ಎರಡು ಸಲ ಬಂತು. ಎರಡು ಸಲವೂ ನಾನೇ ಬೇಡವೆಂದು ಬರೆದುಕೊಟ್ಟೆ. ಮೊದಲ ಸಲ ಮಗಳ ಪರೀಕ್ಷೆ. ಎರಡನೆಯ ಸಲ, ಮೈಸೂರಿನ ಚಳಿ ನನ್ನ ಮೊಣಕಾಲಿಗೆ ಆಗದು ಎಂಬ ಜ್ಞಾನೋದಯ. ಎರಡೂ ನನ್ನ ಸ್ವತಂತ್ರ ನಿರ್ಧಾರಗಳು. ಹೆಂಡತಿ ಶಾರದೆ ತುಟಿ ಬಿಚ್ಚಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ, ಒಂದು ಗುರುವಾರ, ಮೂರನೆಯ ಆರ್ಡರು ಕೈಗೆ ಬಂತು. ಸೋಮವಾರದೊಳಗೆ ಉತ್ತರ ಕೊಡಿ, ಇನ್ನೊಮ್ಮೆ ಕೇಳುವುದಿಲ್ಲ ಎಂದರು ಮೇಲಧಿಕಾರಿಗಳು.

ಭಾನುವಾರ ಬೆಳಿಗ್ಗೆ ಶಾರದೆಯ ತಮ್ಮ ಶ್ರೀಧರ ಬಂದ. ಅವನು ಇದೇ ಊರಿನಲ್ಲಿ ರಾಕೆಟ್ ಕೆಲಸದ ವಿಜ್ಞಾನಿ. ಮನೆಗೆ ಬಂದ ನೆಂಟರು ಊರಿನ ಸುದ್ದಿ ಹೇಳಿದರೆ ಇವನು ಆಕಾಶದ ಸುದ್ದಿ ಹೇಳುತ್ತಾನೆ.

"ಭಾವ, ಒಂದು ಗೆಲಾಕ್ಸೀನ ಹೇಗೆ ತೂಗ್ತಾರೆ ಹೇಳಿ ನೋಡೋಣ?"

ಕೋಟ್ಯಂತರ ನಕ್ಷತ್ರಗಳ ಆ ಗುಂಪನ್ನು ತೂಗುವ ತಕ್ಕಡಿ ನಮ್ಮ ಚಾಲೈ ಪೇಟೆಯ ಮಂಡಿಗಳಲ್ಲೂ ಇರಲಾರದು ಎಂದೆ.

ಅವನು ಚಹಾ ಕುಡಿದು ಮುಗಿಸಿ, ಮೇಜಿನ ಮೇಲಿದ್ದ ನನ್ನ ವರ್ಗಾವಣೆಯ ಆರ್ಡರನ್ನು ಮಗುಚಿ, ಬೆನ್ನಿಗೆ ಇಂಕಿನ ಚುಕ್ಕೆಯಿಟ್ಟ. ಅದರ ಮೇಲೆ ಗಾಜಿನ ಲೋಟದ ದಪ್ಪ ತಳವನ್ನು ಹಿಡಿದು ಓರೆ ಮಾಡಿದ. ಒಂದೇ ಚುಕ್ಕೆ ಎರಡಾಗಿ ಕಂಡಿತು. ಆಕಾಶದಲ್ಲೂ ಹೀಗೇ ಅಂತೆ. ದೂರದ ಒಂದು ದೀಪಕ್ಕೂ ನಮಗೂ ನಡುವೆ ಭಾರಿ ಗೆಲಾಕ್ಸಿಯೊಂದು ಕುಳಿತಿದ್ದರೆ, ಪಕ್ಕದಲ್ಲಿ ಹಾದುಹೋಗುವ ಬೆಳಕನ್ನು ಅದು ತನ್ನತ್ತ ಬಾಗಿಸುತ್ತದೆ. ನಮಗೆ ಒಂದು ದೀಪ ಎರಡಾಗಿ ಕಾಣುತ್ತದೆ. ಅಂಥ ಜೋಡಿಯೊಂದು ಈಚೆಗಷ್ಟೇ ಸಿಕ್ಕಿದೆಯಂತೆ. ಬೆಳಕು ಎಷ್ಟು ಬಾಗಿತೆಂದು ಅಳೆದರೆ ನಡುವೆ ಕೂತದ್ದರ ತೂಕ ಸಿಕ್ಕಿತು, ಕಣ್ಣಿಗೆ ಕಾಣದ ತೂಕವೂ ಸೇರಿ.

"ಬಾಗಿದ್ದು ಬೆಳಕಿಗೆ ಗೊತ್ತಾಗುತ್ತೇನೋ?" ಎಂದು ಕೇಳಿದೆ.

"ಎಲ್ಲಿ ಭಾವ! ಅದರ ಪಾಲಿಗೆ ಅದು ನೇರವಾಗೇ ಹೋಗ್ತಿರುತ್ತೆ," ಎಂದು ನನ್ನನ್ನು ನೋಡಿದ. ಆಮೇಲೆ ಅಡುಗೆಮನೆಯ ಕಡೆ ನೋಡಿದ.

ಅವನು ಹೋದ ಮೇಲೆ ಆ ಲೋಟವನ್ನೇ ನೋಡುತ್ತ ಕೂತೆ. ನಮ್ಮ ಮನೆಯಲ್ಲಿ ಸ್ಟೀಲ್ ಲೋಟ ಹೋಗಿ ಗಾಜಿನದು ಬಂದದ್ದು ಯಾವಾಗ? ಕಚೇರಿಯಿಂದ ನೇರ ಮನೆಗೆ ಬರುತ್ತೇನೆಂದುಕೊಂಡಿರುವ ನಾನು ವಾರಕ್ಕೆ ಮೂರು ದಿನ ಚಾಲೈ ಸುತ್ತಿ ಬರುವುದು ಯಾರ ಚೀಟಿ ಹಿಡಿದು? ಮೈಸೂರಿನ ಒಟ್ಟು ಕುಟುಂಬದಲ್ಲಿ ಶಾರದೆ ಹೊಸ್ತಿಲು ದಾಟಲು ನಮ್ಮ ಅತ್ತಿಗೆಯ ಅಪ್ಪಣೆ ಬೇಕಿತ್ತು. ಇಲ್ಲಿ ಒಬ್ಬಳೇ ಬಸ್ಸು ಹತ್ತುತ್ತಾಳೆ, ಮಲಯಾಳದಲ್ಲಿ ಜಗಳ ಆಡಿ ಗೆಲ್ಲುತ್ತಾಳೆ. ಇಡೀ ಬೀದಿಗೆ ಅವಳು ಶಾರದ ಚೇಚಿ, ಅಂದರೆ ಶಾರದಕ್ಕ. ನಾನು ಚೇಚಿಯ ಗಂಡ, ಅಷ್ಟೆ. ನನ್ನ ಹೆಸರು ಯಾರಿಗೂ ಗೊತ್ತಿಲ್ಲ.

ಅವಳ ತೂಕ ಎಷ್ಟೆಂದು ಅಳೆದೇ ಬಿಡೋಣವೆಂದು ಊಟಕ್ಕೆ ಕೂತಾಗ ಘೋಷಿಸಿದೆ: "ಈ ಸಲ ಹೋಗೇಬಿಡೋಣ."

ಮಗಳು "ಞಾನಿಲ್ಲ" ಎಂದು, ನಾನು ಬರೋದಿಲ್ಲ ಅನ್ನುವುದನ್ನು ಮಲಯಾಳದಲ್ಲೇ ಮುಗಿಸಿ, ತಟ್ಟೆ ಹಿಡಿದು ಎದ್ದಳು. ಶಾರದೆ, "ನೀವು ಹೇಗೆ ಹೇಳಿದ್ರೆ ಹಾಗೆ," ಎಂದು ನಾನು ಕೇಳದೆಯೇ ಇನ್ನೊಂದು ಸೌಟು ಸಾರು ಬಡಿಸಿದಳು. ತಲೆ ಮಾತ್ರ ಎತ್ತಲಿಲ್ಲ. ನನಗೆ ನಾಚಿಕೆಯಾಯಿತು. ಇಷ್ಟು ವರ್ಷದಲ್ಲಿ, ನಿನಗೇನು ಬೇಕು ಎಂದು ಒಂದು ದಿನವಾದರೂ ಕೇಳಿದ್ದೆನೆ? ಆಗಲೂ ಕೇಳದೆ, ಸಾರು ಕಲಸಿ ಉಂಡು ಎದ್ದೆ.

ಮಧ್ಯಾಹ್ನ ಕೂತು, ಸಾಂಸಾರಿಕ ಕಾರಣಗಳಿಂದ ವರ್ಗ ಬೇಡವೆಂದು ಬರೆದು ಸಹಿ ಹಾಕಿದೆ. ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದೆ: "ಇಲ್ಲೇ ಇರೋಣ ಕಣೆ. ನನಗೇ ಹಾಗನ್ನಿಸ್ತು."

"ನಿಮ್ಮಿಷ್ಟ," ಎಂದಳು ಶಾರದೆ. "ಹಾಗಾದ್ರೆ ಇದನ್ನ ಅಟ್ಟಕ್ಕೆ ಏರಿಸಿಬಿಡಿ."

ಬಾಗಿಲ ಹಿಂದೆ ಗೋಣಿಚೀಲವೊಂದು ಕೂತಿತ್ತು. ಹುಣಸೆಹಣ್ಣು, ಇಡೀ ವರ್ಷಕ್ಕೆ ಆಗುವಷ್ಟು.

"ಯಾವಾಗ ತಂದದ್ದು?"

"ಶುಕ್ರವಾರ, ಚಾಲೈಯಿಂದ. ನೀವು ಆರ್ಡರು ತೋರಿಸಿದ ಮಾರನೇ ದಿನ."

ಚೀಲವನ್ನು ಹೆಗಲಿಗೇರಿಸಿಕೊಂಡೆ. ಹದಿನೈದು ಕಿಲೋಗೆ ಕಡಿಮೆಯಿರಲಿಲ್ಲ. ಏಣಿಯ ಮೇಲೆ ನನ್ನ ಬೆನ್ನು ಬಾಗಿತ್ತು ಎಂದು ಮಗಳು ಈಗಲೂ ಹೇಳುತ್ತಾಳೆ. ನನ್ನ ಪಾಲಿಗೆ ನಾನು ನೇರವಾಗಿಯೇ ಹತ್ತಿದೆ.