ವೈಜಿನಾಥ ಕುಡಿದ ಚಹಾ

ಸಾಯುವ ಹಿಂದಿನ ದಿನ ವೈಜಿನಾಥ ಒಬ್ಬ ಮುದುಕಿಯ ಚಹಾ ಕಸಿದು ಕುಡಿದ. ಹೆಂಡತಿ ಶಾಲುಬಾಯಿ ಕಣ್ಣಾರೆ ನೋಡಿದಳು. ಗಂಡನಿಗೆ ಬುತ್ತಿ ಕೊಡಲು ಬೀದರಿನ ಆಸ್ಪತ್ರೆಗೆ ಹೋಗಿದ್ದಳು. ತಲೆ ಪೂರ್ತಿ ನೆರೆತಿದ್ದರೂ ಅಲ್ಲಿ ಅವನು ವಾರ್ಡ್‌ಬಾಯ್.

ಔರಾದಿನ ಮುಕ್ತಾಬಾಯಿ ಮೊಮ್ಮಗಳು ಮಂಜಿರಿಯ ಟಾನ್ಸಿಲ್ ತೆಗೆಸಲು ಬಂದಿದ್ದಳು. ಹಿಂದೆಲ್ಲ ಅಂಥ ಮಕ್ಕಳು ಎಚ್ಚರಾಗುತ್ತಲೇ ಭಾಲ್ಕಿ ಸ್ಟೇಷನ್ನಿಗೆ ಕೇಳುವಂತೆ ಅಳುತ್ತಿದ್ದವು. ಈಗ ಡಾಕ್ಟರು ಮಗು ನಿದ್ದೆಯಲ್ಲಿರುವಾಗಲೇ ಗಂಟಲಿನ ನರದ ಹತ್ತಿರ ಮರಗಟ್ಟಿಸುವ ಸೂಜಿ ಹಾಕುತ್ತಾರೆ. ಮಂಜಿರಿ ಎಚ್ಚರಾಗಿಯೂ ಸುಮ್ಮನೆ ಫ್ಯಾನು ನೋಡುತ್ತ ಮಲಗಿದಳು.

ಮುದುಕಿಗೆ ಸಂಶಯ ಬಂತು. "ಪೋರಿ ಅಳವಲ್ಲಳು. ಆಪರೇಷನ್ ಮಾಡ್ಯಾರೋ, ಬರೇ ಮಲಗಿಸಿ ಎಬ್ಬಿಸ್ಯಾರೋ?"

"ಮಾಡ್ಯಾರ್ರಿ ಆಯಿ. ಗಂಟಲ ಜೋಮು ಹಿಡದದ," ಎಂದ ವೈಜಿನಾಥ. "ಅದು ಇಳಿಯೋತನಕ ಏನೂ ಕುಡಿಸಬ್ಯಾಡ್ರಿ. ಉಸಿರಿನ ನಳ್ಯಾಗ ಹೋಗ್ತದ."

"ಮನಿ ತುಂಬ ಮಕ್ಕಳ ಬೆಳಸೀನಿ. ನನಗ ಕುಡಿಸೋದು ಕಲಸ್ತಿ?"

ಅವನು ಬೆನ್ನು ತಿರುಗಿಸಿದ್ದೇ ತಡ, ಮುದುಕಿ ಸೆರಗಿನೊಳಗಿಂದ ಥರ್ಮಾಸ್ ತೆಗೆದು ಬಶಿಗೆ ಚಹಾ ಸುರಿದಳು. ಬಶಿ ಮಗುವಿನ ತುಟಿಯ ಹತ್ತಿರ ಹೋಗಿತ್ತು. ವೈಜಿನಾಥ ಕಸಿದು ಸುರ್ರೆಂದು ಕುಡಿದ. ಥರ್ಮಾಸನ್ನೂ ಬಿಡಲಿಲ್ಲ. ನಿಂತಲ್ಲೇ ಖಾಲಿ ಮಾಡಿ ಮೀಸೆ ಒರೆಸಿಕೊಂಡ.

"ಸಕ್ಕರಿ ಕಮ್ಮಿ ಆಗ್ಯದ ಆಯಿ."

"ಕೂಸಿನ ಚಹಾ ಕುಡದೆಲ್ಲ ಭಾಡ್ಯಾ, ನಿನ್ನ ಎದಿ ಒಡದು ಹೋಗ್ಲಿ."

ಸಂಜೆ ಜೋಮು ಇಳಿಯಿತು. ನರ್ಸು ಹೂಂ ಅಂದ ಮೇಲೆ ವೈಜಿನಾಥನೇ ಮಂಜಿರಿಯ ಬಾಯಿಗೆ ಐಸಿನ ಚೂರು ಇಟ್ಟ. ಐಸು ಅವನು ದಿನಾ ಮನೆಯಿಂದ ತನ್ನ ಥರ್ಮಾಸಿನಲ್ಲಿ ಒಯ್ಯುತ್ತಿದ್ದ. ಆಸ್ಪತ್ರೆಯ ಫ್ರಿಜ್ಜಿನ ತುಂಬ ಔಷಧಿ.

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಅವನ ಎದೆ ನಿಂತಿತು. ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡೇ ಹೋದ. ಯಾವ ಕೆಲಸವನ್ನೂ ಪೂರ್ತಿ ಮಾಡಿದವನಲ್ಲ.

ಮುಂದೆ ಗಂಟಲು ತೋರಿಸಲು ಬಂದಾಗ ಮುಕ್ತಾಬಾಯಿಗೆ ಸುದ್ದಿ ತಿಳಿಯಿತು. ಮಂಜಿರಿಯನ್ನು ಎಳೆದುಕೊಂಡು ನೇರ ಶಾಲುಬಾಯಿಯ ಮನೆಗೆ ಬಂದು ಹೊಸ್ತಿಲಲ್ಲೇ ಕುಸಿದಳು.

"ನನ್ನ ಬಾಯೇ ತಿಂತವ್ವಾ ಅವನ್ನ."

"ಸುಮ್ಮ ಕುಂದರ್ರಿ ಆಯಿ," ಎಂದಳು ಶಾಲುಬಾಯಿ. "ಮದುವಿ ಆದಾಗಿಂದ ನಾ ದಿನಾ ಬೈದೀನಿ, ಆ ಮನುಷ್ಯಾಗ ನೆಗಡಿ ಸೈತ ಬಂದಿಲ್ಲ. ನಿಮ್ಮದೊಂದು ಮಾತಿಗಿ ಸಾಯ್ತಾರೇನು?"

ಮುದುಕಿ ಅಳುತ್ತಲೇ ನಕ್ಕಳು. ಮಂಜಿರಿಯ ಕಣ್ಣು ಫ್ರಿಜ್ಜಿನ ಮೇಲಿತ್ತು. "ಅಜ್ಜಾನ ಐಸ್ ಅದ ಏನ್ರಿ?"

ಇತ್ತು. ಕೊನೆಯ ರಾತ್ರಿ ಅವನೇ ನೀರು ತುಂಬಿಟ್ಟ ಟ್ರೇ. ಶಾಲುಬಾಯಿ ಅದನ್ನು ಮುಟ್ಟಿರಲಿಲ್ಲ. ಈಗ ತೆಗೆದು ಹೊರಗೆ ಒಯ್ದು ಬಟ್ಟೆ ಒಗೆಯುವ ಕಲ್ಲಿಗೆ ಜಪ್ಪಿ, ಒಂದು ತುಂಡು ಹುಡುಗಿಯ ಕೈಗಿಟ್ಟಳು. ಹುಡುಗಿ ಕಟಕಟ ಕಡಿದಳು.

ಈಗ ದಿನಾ ಬೆಳಿಗ್ಗೆ ಆ ಕಲ್ಲಿಗೆ ಟ್ರೇ ಜಪ್ಪುತ್ತಾಳೆ. ಐಸನ್ನು ಅವನ ಥರ್ಮಾಸಿಗೆ ತುಂಬಿ, ಆಸ್ಪತ್ರೆಗೆ ಹೊರಟ ಆಯಾ ಮಹಮೂದಾ ಬೇಗಂ ಕೈಗೆ ಕೊಡುತ್ತಾಳೆ. ಟ್ರೇಗೆ ಮತ್ತೆ ನೀರು ಹಾಕುತ್ತಾಳೆ.