ಗೋಡೆಯ ಮೇಲಿಟ್ಟ ಕೀಲಿಕೈ

ಟಿ.ವಿ.ಯಲ್ಲಿ ನೆರೆದೇಶಗಳ ನಾಯಕರಿಬ್ಬರು ಕೈ ಕುಲುಕಿದರೆ ಜೇವರ್ಗಿಯಲ್ಲಿ ಕೂತ ಶಾಲಾ ಮಾಸ್ತರನಾದ ನನಗೆ ಚಡಪಡಿಕೆ ಶುರುವಾಗುತ್ತದೆ. ವ್ಯಾಪಾರ ಎಂದರೆ ಬರ್ಮಾದ ತೊಗರಿ ಬಂದು ನಮ್ಮ ತೊಗರಿಯ ಧಾರಣೆ ಇಳಿದೀತೇ ಎಂಬ ಚಿಂತೆ. ಭದ್ರತೆ ಎಂದರೆ ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಅನುಮಾನ. ದೊಡ್ಡ ವಿಷಯಗಳನ್ನು ಇಷ್ಟು ಸಣ್ಣದಾಗಿ ಯೋಚಿಸುವುದು ನನ್ನ ಹುಟ್ಟುಗುಣ.

ಪಕ್ಕದ ಮನೆಯ ಶರಣಕ್ಕನಿಗೂ ನಮಗೂ ಸಹಿ ಹಾಕದ ಒಪ್ಪಂದವೊಂದಿತ್ತು. ಸೊಂಟದೆತ್ತರದ ಗೋಡೆಯ ಮೇಲೆ ಹೆಪ್ಪು, ರೊಟ್ಟಿಗೆ ಹಚ್ಚುವ ಶೇಂಗಾ ಹಿಂಡಿ, ಪುಂಡಿಪಲ್ಯ ಆಚೆ ಈಚೆ ದಾಟುತ್ತಿದ್ದವು. ಬಂದ ಬಟ್ಟಲನ್ನು ಖಾಲಿ ಕಳಿಸುವಂತಿಲ್ಲ. ಊರಿಗೆ ಹೋದಾಗ ಬೇಕಾದೀತೆಂದು ನಮ್ಮ ಮನೆಯ ಇನ್ನೊಂದು ಕೀಲಿಕೈ ಸದಾ ಅವರ ಬಳಿ. ಗಡಿ ಹಂಚಿಕೊಂಡವನೇ ಮೊದಲ ಶತ್ರು ಎಂದು ಹಿಂದಿನ ರಾಜನೀತಿಯ ಪಂಡಿತರು ಹೇಳುತ್ತಿದ್ದರಂತೆ. ಪಾಪ, ಅವರ ಮನೆಯಲ್ಲಿ ಹೆಪ್ಪು ಎಂದೂ ಮುಗಿದಿರಲಿಕ್ಕಿಲ್ಲ.

ಮೊನ್ನೆ ನಾನು ಬುದ್ಧಿವಂತನಾದೆ: ಬಾಗಿಲ ಮೇಲೆ ಕ್ಯಾಮೆರಾ ಕೂರಿಸಿದೆ. ಅದರ ಕಣ್ಣಿಗೆ ನಮ್ಮ ಅಂಗಳದ ಜೊತೆ ಶರಣಕ್ಕನ ಅಂಗಳವೂ ಬಿತ್ತು. ಅವರು ಜಗಳವಾಡಲಿಲ್ಲ. ನಮ್ಮ ಕೀಲಿಕೈ ತಂದು ಗೋಡೆಯ ಮೇಲಿಟ್ಟು ಒಳಗೆ ಹೋದರು. ಅಂದಿನಿಂದ ಬಟ್ಟಲುಗಳ ಓಡಾಟ ನಿಂತಿತು. ಅವರದೊಂದು ನಮ್ಮ ಅಡುಗೆಮನೆಯಲ್ಲೇ ಉಳಿಯಿತು. ಅದನ್ನು ಹಿಡಿದು ಎರಡು ಸಲ ಗೋಡೆಯವರೆಗೆ ಹೋಗಿ ತಿರುಗಿ ಬಂದೆ.

ಆಮೇಲೆ ಆಳಂದದಲ್ಲಿ ನೆಂಟರ ಕೂಸಿಗೆ ತೊಟ್ಟಿಲ ಕಾರ್ಯಕ್ರಮ. ವರ್ಷದ ಬೇಳೆಗೆಂದು ನೆನೆಸಿದ ತೊಗರಿಯನ್ನು ಅಂಗಳದಲ್ಲಿ ಒಣಹಾಕಿ, ಗೇಟಿಗೆ ಬೀಗ ಜಡಿದು, ಹೆಂಡತಿಯೊಡನೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಫೋನಿನಲ್ಲಿ ಮನೆ ನೋಡುವುದೇ ಕೆಲಸ. ಕಲಬುರಗಿ ದಾಟುವುದರೊಳಗೆ ನಮ್ಮ ಬಾಗಿಲನ್ನು ಜನ್ಮದಲ್ಲಿ ನೋಡದಷ್ಟು ನೋಡಿದ್ದೆ. ಆಳಂದ ಮುಟ್ಟಿದ ಮೇಲೂ ಅದೇ ಕಥೆ. ತೊಟ್ಟಿಲಲ್ಲಿದ್ದ ಕೂಸನ್ನಾದರೂ ನೋಡು ಎಂದು ಹೆಂಡತಿ ಚುಚ್ಚಿದಳು.

ಉಣ್ಣಲು ಕೂತಾಗ ಫೋನಿನಲ್ಲಿ ಮಳೆ ಬಂತು. ಅಕಾಲದ ದಪ್ಪ ಹನಿಗಳು ತೊಗರಿಯ ಮೇಲೆ ಬೀಳುತ್ತಿವೆ; ನಾನು ಹೋಳಿಗೆ ಹಿಡಿದು ನೋಡುತ್ತಿದ್ದೇನೆ. ಕಳ್ಳನನ್ನು ತೋರಿಸುವ ಯಂತ್ರಕ್ಕೆ ಒಂದು ತಾಡಪತ್ರಿ ಹೊದಿಸಲು ಬರುವುದಿಲ್ಲ. ಅಷ್ಟರಲ್ಲಿ ಸೀರೆ ಎತ್ತಿ ಸಿಕ್ಕಿಸಿಕೊಂಡ ಶರಣಕ್ಕ ಗೋಡೆ ಹತ್ತಿಳಿದು ಬಂದರು. ತಮ್ಮ ಮನೆಯ ತಾಡಪತ್ರಿ ಹೊದಿಸಿ, ಅಂಚಿಗೆ ಕಲ್ಲಿಟ್ಟು, ನೆನೆದ ಮುಖವನ್ನು ಕ್ಯಾಮೆರಾದತ್ತ ಎತ್ತಿದರು. ಫೋನಿನಲ್ಲಿ ಅವರ ದನಿಯೂ ಬಂತು:

“ಮಾಸ್ತರ, ಕಳ್ಳಿ ಬಂದಾಳ. ಮುಖ ಛಲೋ ಕಾಣಾಕತ್ತೈತೇನ್ರಿ?”

ಹಿಡಿದ ಹೋಳಿಗೆಯನ್ನು ಎಲೆಗಿಟ್ಟು ಎದ್ದೆ.

ಸಂಜೆ ಮನೆಗೆ ಬಂದವನೇ ಕ್ಯಾಮೆರಾವನ್ನು ಬೀದಿಯ ಕಡೆ ತಿರುಗಿಸಿದೆ. ಅವರ ಬಟ್ಟಲಿಗೆ ಕೀಲಿಕೈ ಹಾಕಿದೆ. ಕೀಲಿಕೈ ತಿನ್ನಲು ಬರುತ್ತದೇನು ಎಂದು ಹೆಂಡತಿ ಆಳಂದದಿಂದ ತಂದ ಹೋಳಿಗೆಯನ್ನೂ ಇಟ್ಟಳು. ಬಟ್ಟಲು ಗೋಡೆ ದಾಟಿತು. ಶರಣಕ್ಕ ಹೋಳಿಗೆ ಮುರಿದು ಬಾಯಿಗಿಟ್ಟರು, ಕೀಲಿಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡರು. ಟಿ.ವಿ.ಯಲ್ಲಿ ನಾಯಕರು ಇನ್ನೂ ಕೈ ಕುಲುಕುತ್ತಿದ್ದರು. ಯಾರ ಕೀಲಿಕೈ ಯಾರ ಸೆರಗಿನಲ್ಲಿದೆ ಎಂಬುದನ್ನು ಸುದ್ದಿಯವರು ಹೇಳಲಿಲ್ಲ.